ಮೂತ್ರಕೋಶದ ಕ್ಯಾನ್ಸರ್ ಮರುಕಳಿಸಿದೆಯೇ, ಹರಡಿದೆಯೇ? ಪೆಟ್-ಸಿಟಿ ಸ್ಕ್ಯಾನಿಗೆ ಕಾಸರಗೋಡಿನಿಂದ ಹೊರಡುವವರಿಗೆ ಒಂದು ಮಾರ್ಗದರ್ಶಿ

ಮಂಗಳೂರಿನ ಆಸ್ಪತ್ರೆಯೊಂದರ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಸ್ಕ್ಯಾನ್ ತೆಗೆಯುವ ತಂತ್ರಜ್ಞನಾಗಿ ನಾನು ಹಲವು ವರ್ಷ ದುಡಿದಿದ್ದೇನೆ. ನನ್ನ ಮನೆ ಬದಿಯಡ್ಕದ ಕಡೆ. ಬೆಳಿಗ್ಗೆ ವಿಭಾಗದ ಬಾಗಿಲು ತೆರೆಯುವ ಮೊದಲೇ ಬಂದು ಬೆಂಚಿನಲ್ಲಿ ಕುಳಿತಿರುತ್ತಿದ್ದ ಕುಂಬಳೆ, ಪೆರ್ಲ, ಮುಳ್ಳೇರಿಯ, ಮಂಜೇಶ್ವರದ ಜನರನ್ನು ನೋಡಿದಾಗ, ಅವರು ಎಷ್ಟು ಹೊತ್ತಿಗೆ ಎದ್ದು ಯಾವ ಬಸ್ಸು ಹಿಡಿದಿರಬೇಕೆಂಬುದು ಕೇಳದೆಯೇ ನನಗೆ ಗೊತ್ತಾಗುತ್ತಿತ್ತು. ಅಷ್ಟು ಕಷ್ಟಪಟ್ಟು ಬಂದವರನ್ನು, ಉಪವಾಸದ ನಿಯಮ ತಪ್ಪಿದೆಯೆಂದೋ ಹಳೆಯ ಸಿಡಿ ತಂದಿಲ್ಲವೆಂದೋ ಹಿಂದಕ್ಕೆ ಕಳುಹಿಸಬೇಕಾಗಿ ಬಂದ ದಿನಗಳು ಕಡಿಮೆಯೇನಲ್ಲ. ಮೂತ್ರಕೋಶದ ಕ್ಯಾನ್ಸರಿಗೆ ಒಮ್ಮೆ ಚಿಕಿತ್ಸೆ ಪಡೆದು, ಈಗ ಅದು ಮತ್ತೆ ಬಂದಿದೆಯೋ ಬೇರೆಡೆಗೆ ಹರಡಿದೆಯೋ ಎಂಬ ಸಂಶಯದಿಂದ ಈ ಸ್ಕ್ಯಾನಿಗೆ ಹೊರಟವರು ಏನೇನು ನೋಡಿಕೊಳ್ಳಬೇಕೆಂಬುದನ್ನು ಇಲ್ಲಿ ಬರೆದಿದ್ದೇನೆ. ಸ್ಕ್ಯಾನ್ ಬೇಕೋ ಬೇಡವೋ ಎಂದು ತೀರ್ಮಾನಿಸುವುದು ನಿಮ್ಮ ವೈದ್ಯರ ಕೆಲಸ. ಬೇಕೆಂದು ಅವರು ಹೇಳಿದ ಮೇಲೆ ಅದನ್ನು ಕೆಡದಂತೆ ಮಾಡಿಸಿಕೊಳ್ಳುವುದರಲ್ಲಿ ಮಾತ್ರ ನಿಮ್ಮ ಪಾಲೂ ದೊಡ್ಡದಿದೆ.

ಮೊದಲ ಹೆಜ್ಜೆ: ಯಾವ ಪ್ರಶ್ನೆಗೆ ಉತ್ತರ ಬೇಕೆಂದು ಕೇಳಿಕೊಳ್ಳಿ

ಪೆಟ್-ಸಿಟಿಯೆಂದರೆ ಎರಡು ಯಂತ್ರಗಳು ಒಂದೇ ಮಂಚದ ಸುತ್ತ ಸೇರಿದ ವ್ಯವಸ್ಥೆ. ಸಿಟಿ ಭಾಗವು ದೇಹದ ಒಳಗಿನ ಆಕಾರವನ್ನು ತೋರಿಸುತ್ತದೆ. ಪೆಟ್ ಭಾಗವು ಎಲ್ಲೆಲ್ಲಿ ಜೀವಕೋಶಗಳು ಸಕ್ಕರೆಯನ್ನು ಹೆಚ್ಚಾಗಿ ಎಳೆದುಕೊಳ್ಳುತ್ತಿವೆ ಎಂಬುದನ್ನು ತೋರಿಸುತ್ತದೆ. ಇದಕ್ಕಾಗಿ ರಕ್ತನಾಳಕ್ಕೆ ಚುಚ್ಚುವ ಔಷಧಿಗೆ ಎಫ್‌ಡಿಜಿ ಎಂದು ಹೆಸರು. ಅದು ಗ್ಲೂಕೋಸಿನ ಹೋಲಿಕೆಯ ಒಂದು ಅಣು. ಅದಕ್ಕೆ ಫ್ಲೋರಿನ್-18 ಎಂಬ ವಿಕಿರಣಶೀಲ ಧಾತುವನ್ನು ಜೋಡಿಸಿರುತ್ತಾರೆ. ಕ್ಯಾನ್ಸರ್ ಕೋಶಗಳು ಸಾಮಾನ್ಯವಾಗಿ ಸಕ್ಕರೆಗೆ ಹಸಿದಿರುವುದರಿಂದ ಇದನ್ನು ಒಳಗೆ ಎಳೆದುಕೊಳ್ಳುತ್ತವೆ, ಆದರೆ ನಿಜವಾದ ಗ್ಲೂಕೋಸಿನಂತೆ ಪೂರ್ತಿ ಕರಗಿಸಲಾರವು. ಹಾಗೆ ಒಳಗೇ ಸಿಕ್ಕಿಬಿದ್ದ ಔಷಧಿ ಪರದೆಯ ಮೇಲೆ ಹೊಳೆಯುತ್ತದೆ.

ಮೂತ್ರಕೋಶದ ವಿಷಯದಲ್ಲಿ ತೊಡಕು ಶುರುವಾಗುವುದು ಇಲ್ಲಿಯೇ. ಮೂತ್ರಪಿಂಡವು ಗ್ಲೂಕೋಸನ್ನು ಸೋಸಿದ ಬಳಿಕ ಮತ್ತೆ ರಕ್ತಕ್ಕೆ ಹಿಂದಿರುಗಿಸುತ್ತದೆ, ಎಫ್‌ಡಿಜಿಯನ್ನು ಹಾಗೆ ಹಿಂದಿರುಗಿಸುವುದಿಲ್ಲ. ಅದು ಮೂತ್ರದಲ್ಲಿ ಇಳಿದು ಬಂದು ಮೂತ್ರಕೋಶದಲ್ಲಿ ತುಂಬಿಕೊಳ್ಳುತ್ತದೆ. ಪರದೆಯಲ್ಲಿ ಆರೋಗ್ಯವಂತರ ಮೂತ್ರಕೋಶವೂ ದೀಪ ಹಚ್ಚಿಟ್ಟಂತೆ ಕಾಣುವಾಗ, ಅದರ ಗೋಡೆಯಲ್ಲಿರುವ ಸಣ್ಣದೊಂದು ಗಡ್ಡೆಯನ್ನು ಹುಡುಕುವುದು ಹಗಲಿನಲ್ಲಿ ಮಿಂಚುಹುಳ ಹುಡುಕಿದಂತೆಯೇ. ಆದ್ದರಿಂದ ಗಡ್ಡೆ ಮೂತ್ರಕೋಶದ ಒಳಪದರದಲ್ಲಿಯೇ ಮತ್ತೆ ಹುಟ್ಟಿದೆಯೇ ಎಂದು ನೋಡಲು ಸಿಸ್ಟೊಸ್ಕೋಪಿ, ಅಂದರೆ ದುರ್ಬೀನು ಹಾಕಿ ಒಳಗೆ ನೋಡುವ ಪರೀಕ್ಷೆ, ಮತ್ತು ಮೂತ್ರದ ಸೈಟಾಲಜಿ, ಅಂದರೆ ಮೂತ್ರದಲ್ಲಿ ಕ್ಯಾನ್ಸರ್ ಕೋಶಗಳಿವೆಯೇ ಎಂದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಇವುಗಳೇ ಮುಖ್ಯ. ಹೊಸದಾಗಿ ಪತ್ತೆಯಾಗುವ ಮೂತ್ರಕೋಶದ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಸ್ನಾಯುವಿಗೆ ಇಳಿಯದ, ಮೇಲ್ಪದರದಲ್ಲಿಯೇ ಇರುವ ಬಗೆಯವು. ಅವು ಪದೇ ಪದೇ ಮರುಕಳಿಸುವುದು ನಿಜ, ಆದರೆ ಅವುಗಳ ವಾಡಿಕೆಯ ತಪಾಸಣೆಗೆ ಪೆಟ್-ಸಿಟಿ ಬೇಕಾಗುವುದಿಲ್ಲ. ಸಂಬಂಧಿಕರಲ್ಲಿ ಯಾರಿಗೋ ಮಾಡಿಸಿದರೆಂದು ತಾವೂ ಹಟ ಹಿಡಿದು ಬರೆಸಿಕೊಂಡು ಬಂದವರನ್ನು ನಾನು ಕಂಡಿದ್ದೇನೆ. ಹಾಗೆ ಖರ್ಚಾದ ಹಣದಲ್ಲಿ ಎರಡು ಸಲ ಸಿಸ್ಟೊಸ್ಕೋಪಿ ಮಾಡಿಸಬಹುದಿತ್ತು.

ಪೆಟ್-ಸಿಟಿ ನಿಜವಾಗಿ ಬೆಲೆಬಾಳುವುದು ಮೂತ್ರಕೋಶದ ಹೊರಗೆ. ಮೂತ್ರಕೋಶವನ್ನು ತೆಗೆದುಹಾಕಿದ ಬಳಿಕ ಮಾಮೂಲಿ ಸಿಟಿಯಲ್ಲಿ ಕಿಬ್ಬೊಟ್ಟೆಯ ಒಂದು ದುಗ್ಧಗ್ರಂಥಿ (ಲಿಂಫ್ ನೋಡ್) ತುಸು ದಪ್ಪಗೆ ಕಂಡು, ಅದು ರೋಗವೋ ಶಸ್ತ್ರಚಿಕಿತ್ಸೆಯ ಗಾಯದ ಉಳಿಕೆಯೋ ತಿಳಿಯದಿದ್ದಾಗ ಇದು ಬೇಕಾಗುತ್ತದೆ. ಕಾರಣವಿಲ್ಲದೆ ಸೊಂಟದ ಮೂಳೆ ನೋಯುತ್ತಿದ್ದಾಗ, ಒಂದು ಕಾಲು ಮಾತ್ರ ಊದಿದಾಗ, ತೂಕ ಇಳಿಯುತ್ತಿರುವಾಗಲೂ ವೈದ್ಯರು ಇದನ್ನು ಕೇಳಬಹುದು. ಶ್ವಾಸಕೋಶದಲ್ಲಿ ಒಂದೇ ಒಂದು ಗಂಟು ಕಂಡು, ಅದನ್ನಷ್ಟೇ ತೆಗೆದರೆ ಸಾಕೇ ಎಂಬ ಯೋಚನೆ ಇರುವಾಗ ಬೇರೆಲ್ಲಿಯೂ ರೋಗವಿಲ್ಲವೆಂದು ಖಚಿತಪಡಿಸಿಕೊಳ್ಳುವುದಕ್ಕೂ ಇದು ಉಪಯುಕ್ತ. ಈ ಕ್ಯಾನ್ಸರ್ ಹೆಚ್ಚಾಗಿ ಹರಡುವುದು ಕಿಬ್ಬೊಟ್ಟೆ ಮತ್ತು ಹೊಟ್ಟೆಯ ಹಿಂಭಾಗದ ದುಗ್ಧಗ್ರಂಥಿಗಳಿಗೆ, ಶ್ವಾಸಕೋಶಕ್ಕೆ, ಮೂಳೆಗೆ ಮತ್ತು ಯಕೃತ್ತಿಗೆ. ಶಸ್ತ್ರಚಿಕಿತ್ಸೆಯ ಬಳಿಕ ಹೀಗೆ ಹರಡುವುದಿದ್ದರೆ ಬಹುಪಾಲು ಮೊದಲ ಎರಡು ಮೂರು ವರ್ಷಗಳಲ್ಲಿಯೇ ಕಾಣಿಸಿಕೊಳ್ಳುತ್ತದೆ. ಮರುಕಳಿಸಿದ ಅಥವಾ ಹರಡಿದ ರೋಗವನ್ನು ಹುಡುಕುವಲ್ಲಿ ಈ ಸ್ಕ್ಯಾನಿನ ಸೂಕ್ಷ್ಮತೆ, ಅಂದರೆ ರೋಗ ಇರುವವರಲ್ಲಿ ಅದನ್ನು ಹಿಡಿಯುವ ಪ್ರಮಾಣ, ಶೇಕಡಾ 90ರ ಆಸುಪಾಸಿನಲ್ಲಿದೆ ಎಂದು ಹಲವು ಅಧ್ಯಯನಗಳನ್ನು ಒಟ್ಟು ಸೇರಿಸಿದ ವಿಶ್ಲೇಷಣೆಗಳು ತೋರಿಸಿವೆ. ಮೊದಲ ಶಸ್ತ್ರಚಿಕಿತ್ಸೆಗೆ ಮುನ್ನ ದುಗ್ಧಗ್ರಂಥಿಗಳಲ್ಲಿ ಅಡಗಿರುವ ಅತಿ ಸಣ್ಣ ರೋಗವನ್ನು ಹಿಡಿಯುವುದರಲ್ಲಿ ಮಾತ್ರ ಅದೇ ಸೂಕ್ಷ್ಮತೆ ಅರ್ಧಕ್ಕಿಂತ ಸ್ವಲ್ಪ ಮೇಲೆ ನಿಲ್ಲುತ್ತದೆ. ಒಂದೇ ಯಂತ್ರ, ಒಂದೇ ಔಷಧಿ, ಪ್ರಶ್ನೆ ಬದಲಾದರೆ ಉತ್ತರದ ತೂಕವೂ ಬದಲಾಗುತ್ತದೆ. ಆದ್ದರಿಂದ ಚೀಟಿಯಲ್ಲಿ ಬರೇ ‘ಪೆಟ್-ಸಿಟಿ’ ಎಂದಷ್ಟೇ ಇದ್ದರೆ, ಏನನ್ನು ನೋಡಲು ಎಂಬ ಒಂದು ಸಾಲನ್ನು ಅದರ ಕೆಳಗೆ ಬರೆದುಕೊಡುವಂತೆ ವೈದ್ಯರನ್ನು ವಿನಂತಿಸಿಕೊಳ್ಳಿ. ವರದಿ ಬರೆಯುವವರಿಗೆ ಆ ಒಂದು ಸಾಲು ಬಹಳ ಸಹಾಯ ಮಾಡುತ್ತದೆ.

ಎರಡನೆಯದು: ದಿನ ನಿಗದಿಪಡಿಸುವುದು

ಚಿಕಿತ್ಸೆ ಮುಗಿದ ಮರುವಾರವೇ ಸ್ಕ್ಯಾನ್ ಮಾಡಿಸಿದರೆ ಗಾಯ ಮಾಗುತ್ತಿರುವ ಜಾಗವೂ ರೋಗದಂತೆ ಹೊಳೆಯುತ್ತದೆ. ಕೀಮೋಥೆರಪಿಯ ಬಳಿಕ ಎರಡು ಮೂರು ವಾರ, ದೊಡ್ಡ ಶಸ್ತ್ರಚಿಕಿತ್ಸೆಯ ಬಳಿಕ ಸುಮಾರು ಆರು ವಾರ, ವಿಕಿರಣ ಚಿಕಿತ್ಸೆಯ ಬಳಿಕ ಎಂಟರಿಂದ ಹನ್ನೆರಡು ವಾರ ಕಾಯುವುದು ರೂಢಿ. ಬಿಳಿ ರಕ್ತಕಣ ಹೆಚ್ಚಿಸಲು ಫಿಲ್‌ಗ್ರಾಸ್ಟಿಮ್‌ನಂತಹ ಚುಚ್ಚುಮದ್ದು ಕೊಟ್ಟಿದ್ದರೆ ಮೂಳೆಯ ಮಜ್ಜೆಯೆಲ್ಲ ಬೆಳಗಿ, ಮೂಳೆಗೆ ಹರಡಿದ ರೋಗವನ್ನು ಬೇರ್ಪಡಿಸುವುದು ಕಷ್ಟವಾಗುತ್ತದೆ; ಅದಕ್ಕೂ ಎರಡು ವಾರದ ಅಂತರವಿರಲಿ. ತುರ್ತು ಇದ್ದರೆ ವೈದ್ಯರು ಈ ಲೆಕ್ಕವನ್ನು ಮೀರಬಹುದು, ಆದರೆ ಯಾವ ಚಿಕಿತ್ಸೆ ಯಾವ ತಾರೀಕಿಗೆ ಮುಗಿಯಿತು ಎಂಬುದನ್ನು ಸ್ಕ್ಯಾನ್ ವಿಭಾಗಕ್ಕೆ ಹೇಳಲೇಬೇಕು.

ಮೂರನೆಯದು: ಕಾಗದಪತ್ರ, ಹಣ, ಗಡಿ

ಕಾಸರಗೋಡಿನಿಂದ ಮಂಗಳೂರಿಗೆ ಸುಮಾರು 50 ಕಿಲೋಮೀಟರ್. ತಿರುವನಂತಪುರದ ಪ್ರಾದೇಶಿಕ ಕ್ಯಾನ್ಸರ್ ಕೇಂದ್ರಕ್ಕೆ ಹೋಗಬೇಕಾದರೆ ಇಡೀ ರಾಜ್ಯವನ್ನೇ ದಾಟಬೇಕು. ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಅಷ್ಟು ದೂರವಲ್ಲದಿದ್ದರೂ ಉತ್ತರದ ತುದಿಯವರಿಗೆ ಮಂಗಳೂರೇ ಹತ್ತಿರ. ಹೀಗಾಗಿ ನಮ್ಮವರಲ್ಲಿ ಅನೇಕರ ಶಸ್ತ್ರಚಿಕಿತ್ಸೆ ಒಂದು ರಾಜ್ಯದಲ್ಲಿ, ಕೀಮೋ ಇನ್ನೊಂದರಲ್ಲಿ, ಸ್ಕ್ಯಾನ್ ಮತ್ತೊಂದು ಕಡೆ ಎಂಬಂತೆ ಹರಿದು ಹಂಚಿಹೋಗಿರುತ್ತದೆ. 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ, ಕಡತಗಳೆಲ್ಲ ಮಂಗಳೂರಿನಲ್ಲಿದ್ದು ತಾವು ಈಚೆ ಉಳಿದವರು ಪಟ್ಟ ಪಾಡು ಇಲ್ಲಿ ಯಾರಿಗೂ ಮರೆತಿಲ್ಲ. ಆದುದರಿಂದ ಮೂಲ ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿ, ಕೀಮೋಥೆರಪಿಯ ಚಾರ್ಟು, ಹಿಂದಿನ ಸಿಟಿ ಅಥವಾ ಪೆಟ್-ಸಿಟಿಯ ವರದಿ ಇವೆಲ್ಲದರ ಪ್ರತಿ ನಿಮ್ಮ ಕೈಯಲ್ಲಿಯೇ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಿಂದಿನ ಚಿತ್ರಗಳ ಸಿಡಿಯನ್ನು ತನ್ನಿ. ಫಿಲ್ಮಿನ ದೊಡ್ಡ ಹಾಳೆಗಳನ್ನು ಸುರುಳಿ ಸುತ್ತಿ ತರುವವರು ಬಹಳ ಮಂದಿ. ಹೋಲಿಕೆಗೆ ಸಿಡಿಯೇ ಬೇಕು.

ಖಾಸಗಿಯಲ್ಲಿ ಈ ಸ್ಕ್ಯಾನಿಗೆ ಹತ್ತು ಸಾವಿರದಿಂದ ಇಪ್ಪತ್ತೈದು ಸಾವಿರ ರೂಪಾಯಿಯವರೆಗೂ ಆಗಬಹುದು. ಕಾಸರಗೋಡಿನವರ ರೇಷನ್ ಕಾರ್ಡು ಕೇರಳದ್ದಾದ್ದರಿಂದ ಕರ್ನಾಟಕ ಸರ್ಕಾರ ತನ್ನ ನಿವಾಸಿಗಳಿಗೆ ಕೊಡುವ ರಿಯಾಯಿತಿಗಳನ್ನು ನೆಚ್ಚಿಕೊಂಡು ಬರಬೇಡಿ. ಕೇರಳದ ಕಾರುಣ್ಯ ಆರೋಗ್ಯ ಸುರಕ್ಷಾ ಪದ್ಧತಿಯ ಕಾರ್ಡು ಇದ್ದವರು, ತಾವು ಹೋಗುವ ಆಸ್ಪತ್ರೆ ಆ ಯೋಜನೆಯ ಪಟ್ಟಿಯಲ್ಲಿದೆಯೇ, ಒಳರೋಗಿಯಾಗಿ ದಾಖಲಾಗದೆ ಮಾಡಿಸುವ ಸ್ಕ್ಯಾನಿಗೂ ಅದು ಅನ್ವಯಿಸುತ್ತದೆಯೇ ಎಂದು ಅಲ್ಲಿನ ಕೌಂಟರಿನಲ್ಲಿ ಮುಂಚಿತವಾಗಿಯೇ ಫೋನಿನಲ್ಲಿ ಕೇಳಿ.

ಹೋಗುವ ಮೊದಲು ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಊರಿನಲ್ಲಿಯೇ ಮಾಡಿಸಿಕೊಳ್ಳಬಹುದು. ಸಿಟಿ ಭಾಗಕ್ಕೆ ಕಾಂಟ್ರಾಸ್ಟ್ ಔಷಧಿ, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ರಕ್ತನಾಳಕ್ಕೆ ಚುಚ್ಚುವ ಔಷಧಿ, ಕೊಡುವುದಿದ್ದರೆ ಮೂತ್ರಪಿಂಡದ ಸ್ಥಿತಿ ತಿಳಿದಿರಬೇಕು. ಈ ರೋಗದವರಲ್ಲಿ ಮೂತ್ರನಾಳ ಕಟ್ಟಿಕೊಂಡು ಮೂತ್ರಪಿಂಡ ಊದಿರುವುದು ಅಪರೂಪವಲ್ಲ.

ನಾಲ್ಕನೆಯದು: ಹಿಂದಿನ ದಿನ ಮತ್ತು ಆ ಬೆಳಿಗ್ಗೆ

ಅತಿ ಹೆಚ್ಚು ತಪ್ಪುಗಳಾಗುವುದು ಈ ಹಂತದಲ್ಲಿ. ಸ್ಕ್ಯಾನಿನ ಮುನ್ನಾದಿನ ಮೈಮುರಿಯುವ ಕೆಲಸ ಮಾಡಬಾರದು. ತೋಟಕ್ಕೆ ಗೊಬ್ಬರ ಹೊರುವುದು, ದಿನವಿಡೀ ಅಡಿಕೆ ಸುಲಿಯುವುದು, ಗುಡ್ಡ ಹತ್ತಿ ಇಳಿಯುವುದು ಇವೆಲ್ಲ ಬೇಡ. ದುಡಿದ ಸ್ನಾಯುಗಳು ಮರುದಿನವೂ ಸಕ್ಕರೆ ಎಳೆದುಕೊಂಡು ಚಿತ್ರವನ್ನು ಕೆಡಿಸುತ್ತವೆ. ರಾತ್ರಿಯ ಊಟದಲ್ಲಿ ಅನ್ನ, ಗಂಜಿ, ದೋಸೆ, ಬಾಳೆಹಣ್ಣು, ಸಿಹಿ ಕಡಿಮೆ ಮಾಡಿ, ಮೊಟ್ಟೆ, ಮೀನು, ಪನೀರ್, ಸೊಪ್ಪು ತರಕಾರಿಯ ಪಲ್ಯ ಇಂಥವುಗಳನ್ನು ಉಣ್ಣುವುದು ಒಳ್ಳೆಯದು. ಕುಚ್ಚಲಕ್ಕಿ ಗಂಜಿಯಿಲ್ಲದೆ ಊಟವಾಯಿತೆಂದು ಅನಿಸದವರಿಗೆ ಒಂದು ರಾತ್ರಿ ಕಷ್ಟವೇ ಸರಿ.

ಸ್ಕ್ಯಾನಿಗೆ ಮುಂಚೆ ಕನಿಷ್ಠ ನಾಲ್ಕರಿಂದ ಆರು ಗಂಟೆ ಏನನ್ನೂ ತಿನ್ನಬಾರದು. ಬರಿಯ ನೀರು ಕುಡಿಯಬಹುದು, ಕುಡಿಯಲೂ ಬೇಕು. ಚಹಾ, ಹಾಲು, ಗ್ಲೂಕೋಸ್ ನೀರು ಯಾವುದೂ ಆಗದು. ಬೊಂಡದ ವಿಷಯವನ್ನು ಬೇರೆಯಾಗಿಯೇ ಹೇಳಬೇಕು. ಮೂತ್ರದ ತೊಂದರೆ ಎಂದೊಡನೆ ನಮ್ಮಲ್ಲಿ ಉಷ್ಣವಾಗಿದೆಯೆಂದು ಬೊಂಡ ಕುಡಿಸುವುದು ವಾಡಿಕೆ, ಅದು ನೀರೇ ತಾನೆ ಎಂಬ ಭಾವನೆಯೂ ಇದೆ. ಬೊಂಡದ ನೀರಿನಲ್ಲಿ ಸಕ್ಕರೆ ಇರುತ್ತದೆ. ಉಪ್ಪಳದ ರಸ್ತೆಬದಿಯಲ್ಲಿ ನಿಲ್ಲಿಸಿ ಒಂದು ಕುಡಿದು ಬಂದರೆ ಉಪವಾಸ ಮುರಿದಂತೆಯೇ.

ಒಮ್ಮೆ ಎಪ್ಪತ್ತು ದಾಟಿದ ಅಜ್ಜ ಒಬ್ಬರ ಚಿತ್ರದಲ್ಲಿ ಎರಡೂ ದವಡೆಯ ಸ್ನಾಯುಗಳು ಉರಿಯುವಂತೆ ಹೊಳೆದವು. ಏನಾದರೂ ತಿಂದಿದ್ದರೇ ಎಂದು ಕೇಳಿದಾಗ, ಜತೆಗೆ ಬಂದಿದ್ದ ಅಜ್ಜಿ ಬೇಸರದಿಂದ, “ಏನೂ ಇಲ್ಲ ಮಗಾ, ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ದಾರಿಯಲ್ಲಿ ಎಲೆಯಡಿಕೆ ಹಾಕಿದ್ದು ಮಾತ್ರ” ಎಂದರು. ತಪ್ಪು ಅವರದ್ದಲ್ಲ. ನಾವು ಕೊಟ್ಟಿದ್ದ ಸೂಚನೆಯ ಹಾಳೆಯಲ್ಲಿ ಚ್ಯೂಯಿಂಗ್ ಗಮ್ ಜಗಿಯಬಾರದೆಂದು ಬರೆದಿತ್ತೇ ಹೊರತು ಎಲೆಯಡಿಕೆಯ ಹೆಸರೇ ಇರಲಿಲ್ಲ, ಮೇಲಾಗಿ ಆ ಹಾಳೆ ಇಂಗ್ಲಿಷಿನಲ್ಲಿತ್ತು. ಹಾಗಾಗಿ ಇಲ್ಲಿ ಸ್ಪಷ್ಟವಾಗಿ ಬರೆಯುತ್ತೇನೆ: ಎಲೆಯಡಿಕೆ, ಹೊಗೆಸೊಪ್ಪು, ಬೀಡಿ, ಸಿಗರೇಟು ಆ ದಿನ ಬೇಡ. ಹೊಗೆಸೊಪ್ಪಿನ ಸಹವಾಸ ಆ ದಿನದ ಬಳಿಕವೂ ಬೇಡವೆಂದು ವೈದ್ಯರು ಹೇಳುವುದಕ್ಕೆ ಬೇರೆ ಕಾರಣವಿದೆ. ಮೂತ್ರಕೋಶದ ಕ್ಯಾನ್ಸರಿಗೆ ಧೂಮಪಾನವೇ ಅತಿ ದೊಡ್ಡ ಕಾರಣ.

ಸಕ್ಕರೆ ಕಾಯಿಲೆಯವರು ವಿಶೇಷವಾಗಿ ಎಚ್ಚರವಹಿಸಬೇಕು. ರಕ್ತದ ಸಕ್ಕರೆ 200 ಮಿಲಿಗ್ರಾಂ ದಾಟಿದ್ದರೆ ಹೆಚ್ಚಿನ ಕೇಂದ್ರಗಳು ಆ ದಿನದ ಸ್ಕ್ಯಾನನ್ನು ಮುಂದೂಡುತ್ತವೆ, ಏಕೆಂದರೆ ರಕ್ತದಲ್ಲಿರುವ ಸಕ್ಕರೆಯೂ ಎಫ್‌ಡಿಜಿಯೂ ಒಂದೇ ಬಾಗಿಲಿನಿಂದ ಜೀವಕೋಶದೊಳಗೆ ಹೋಗಬೇಕು. ಹಾಗೆಂದು ಹೊರಡುವ ಮುನ್ನ ಇನ್ಸುಲಿನ್ ಚುಚ್ಚಿಕೊಂಡು ಸಕ್ಕರೆ ಇಳಿಸಿದರೆ ಔಷಧಿಯೆಲ್ಲ ಸ್ನಾಯುಗಳಿಗೆ ಹೋಗಿ ಚಿತ್ರ ಇನ್ನಷ್ಟು ಕೆಡುತ್ತದೆ. ಬೇಗ ಕೆಲಸಮಾಡುವ ಇನ್ಸುಲಿನಿಗೂ ಎಫ್‌ಡಿಜಿಗೂ ನಡುವೆ ನಾಲ್ಕು ಗಂಟೆಯಾದರೂ ಇರಬೇಕು. ಮೆಟ್‌ಫಾರ್ಮಿನ್ ಮಾತ್ರೆ ಕರುಳನ್ನು ಹೊಳೆಯುವಂತೆ ಮಾಡುತ್ತದೆ. ಎರಡು ದಿನ ಮೊದಲೇ ನಿಲ್ಲಿಸಬೇಕೇ ಎಂಬುದನ್ನು ವೈದ್ಯರನ್ನು ಕೇಳಿಯೇ ನಿರ್ಧರಿಸಿ, ತಾನಾಗಿ ನಿಲ್ಲಿಸಬೇಡಿ. ಹರಡಿದ ಮೂತ್ರಕೋಶದ ಕ್ಯಾನ್ಸರಿಗೆ ಈಚೆಗೆ ಕೊಡುತ್ತಿರುವ ಎನ್‌ಫೋರ್ಟುಮ್ಯಾಬ್ ವೆಡೋಟಿನ್ ಎಂಬ ಔಷಧಿ, ಮೊದಲು ಸಕ್ಕರೆ ಕಾಯಿಲೆ ಇಲ್ಲದವರಲ್ಲಿಯೂ ರಕ್ತದ ಸಕ್ಕರೆಯನ್ನು ಏರಿಸಬಲ್ಲದು. ಅದನ್ನು ಪಡೆಯುತ್ತಿರುವವರು ಹೊರಡುವ ಹಿಂದಿನ ದಿನವೇ ಒಮ್ಮೆ ಸಕ್ಕರೆ ಪರೀಕ್ಷಿಸಿಕೊಂಡರೆ ವೃಥಾ ಪ್ರಯಾಣ ತಪ್ಪುತ್ತದೆ.

ಒಂದು ಶಾಲನ್ನೋ ದಪ್ಪ ಬಟ್ಟೆಯನ್ನೋ ತನ್ನಿ. ಮೈ ಚಳಿಗೆ ನಡುಗಿದರೆ ಕುತ್ತಿಗೆ ಮತ್ತು ಭುಜದ ಸುತ್ತಲಿನ ಕಂದು ಕೊಬ್ಬು ಎಚ್ಚೆತ್ತು ಹೊಳೆಯುತ್ತದೆ, ಎಸಿ ಕೋಣೆಗಳಲ್ಲಿ ಇದು ಆಗಾಗ ಆಗುತ್ತದೆ.

ಐದನೆಯದು: ಸ್ಕ್ಯಾನಿನ ಹೊತ್ತು

ಒಟ್ಟಾರೆ ಮೂರರಿಂದ ನಾಲ್ಕು ಗಂಟೆ ಬೇಕೆಂದು ಲೆಕ್ಕ ಹಾಕಿಕೊಳ್ಳಿ. ಹಿಂದಿರುಗುವ ರೈಲಿನ ಟಿಕೆಟನ್ನು ಬಿಗಿಯಾಗಿ ಮಾಡಿಸಬೇಡಿ. ಫ್ಲೋರಿನ್-18ರ ಅರ್ಧಾಯುಷ್ಯ, ಅಂದರೆ ಅದರ ವಿಕಿರಣ ಅರ್ಧಕ್ಕಿಳಿಯಲು ಬೇಕಾಗುವ ಹೊತ್ತು, ಕೇವಲ 110 ನಿಮಿಷ. ಅದನ್ನು ತಯಾರಿಸುವ ಸೈಕ್ಲೋಟ್ರಾನ್ ಯಂತ್ರ ಸ್ವಂತದ್ದು ಇಲ್ಲದ ಕೇಂದ್ರಗಳಿಗೆ ಔಷಧಿ ಬೇರೆ ಊರಿನಿಂದ ಅದೇ ಬೆಳಿಗ್ಗೆ ಬರಬೇಕಾಗಿರುವುದರಿಂದ, ವಿಮಾನ ತಡವಾದರೆ ನಿಮ್ಮ ಸರದಿಯೂ ತಡವಾಗುತ್ತದೆ. ಸಿಬ್ಬಂದಿಯ ಮೇಲೆ ಸಿಟ್ಟು ಮಾಡಿ ಪ್ರಯೋಜನವಿಲ್ಲ.

ಚುಚ್ಚುಮದ್ದು ಕೊಟ್ಟ ಬಳಿಕ ಸುಮಾರು ಒಂದು ಗಂಟೆ ಮಾತಾಡದೆ, ಮೊಬೈಲು ನೋಡದೆ, ಸುಮ್ಮನೆ ಮಲಗಿರಬೇಕು. ಆಮೇಲೆ ಮೂತ್ರ ಮಾಡಿ ಬಂದು ಮಂಚದ ಮೇಲೆ ಮಲಗಿದರೆ ತಲೆಬುರುಡೆಯ ಬುಡದಿಂದ ತೊಡೆಯ ನಡುವಿನವರೆಗೆ ಅರ್ಧ ಗಂಟೆಯೊಳಗೆ ಚಿತ್ರ ತೆಗೆದಾಗುತ್ತದೆ. ಮೂತ್ರಕೋಶದ ರೋಗಿಗಳಿಗೆ ಇದರ ಮೇಲೆ ಇನ್ನೊಂದು ಹಂತ ಇರುವುದುಂಟು. ಲ್ಯಾಸಿಕ್ಸ್ ಎಂದು ಜನ ಕರೆಯುವ ಫ್ಯೂರೋಸೆಮೈಡ್ ಚುಚ್ಚುಮದ್ದು ಕೊಟ್ಟು, ಅರ್ಧದಿಂದ ಒಂದು ಲೀಟರ್ ನೀರು ಕುಡಿಸಿ, ಮೂರು ನಾಲ್ಕು ಸಲ ಮೂತ್ರ ಮಾಡಿಸಿ, ಗಂಟೆಯೊಂದು ಕಳೆದ ಮೇಲೆ ಕಿಬ್ಬೊಟ್ಟೆಯ ಭಾಗವನ್ನಷ್ಟೇ ಮತ್ತೊಮ್ಮೆ ತೆಗೆಯುತ್ತಾರೆ. ಹೊಳೆಯುವ ಮೂತ್ರ ತೊಳೆದುಹೋಗಿ ನೀರಾದ ಮೂತ್ರ ತುಂಬಿಕೊಂಡಾಗ, ಗೋಡೆಯಲ್ಲೋ ಪಕ್ಕದ ಗ್ರಂಥಿಯಲ್ಲೋ ಅಂಟಿಕೊಂಡ ರೋಗ ಮಾತ್ರ ಉಳಿದು ಕಾಣುತ್ತದೆ. ಮೂತ್ರನಾಳದಲ್ಲಿ ನಿಂತ ಒಂದು ಹನಿ ಮೂತ್ರ ದುಗ್ಧಗ್ರಂಥಿಯಂತೆ ಕಾಣಿಸಿ ಮೋಸ ಮಾಡುವುದೂ ಈ ಎರಡನೆಯ ಚಿತ್ರದಲ್ಲಿ ಬಯಲಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಕಿಬ್ಬೊಟ್ಟೆಯ ಮರುಕಳಿಕೆಯೇ ಪ್ರಶ್ನೆಯಾಗಿದ್ದರೆ ಈ ಎರಡನೆಯ ಚಿತ್ರವಿಲ್ಲದ ಸ್ಕ್ಯಾನ್ ಅರೆಬರೆಯೇ. ಇದನ್ನು ಮಾಡುತ್ತೀರಾ ಎಂದು ದಿನ ನಿಗದಿಪಡಿಸುವಾಗಲೇ ಕೇಳಿಬಿಡಿ. ರಕ್ತದೊತ್ತಡ ತೀರಾ ಕಡಿಮೆಯಿರುವವರು, ಮೂತ್ರ ಕಟ್ಟಿಕೊಳ್ಳುವವರು ಮೊದಲೇ ತಿಳಿಸಬೇಕು.

ಮೂತ್ರಕೋಶ ತೆಗೆದು ಹೊಟ್ಟೆಯ ಮೇಲೆ ಚೀಲ ಅಂಟಿಸಿಕೊಂಡವರು ಸ್ಕ್ಯಾನಿಗೆ ಮುಂಚೆ ಚೀಲವನ್ನು ಪೂರ್ತಿ ಖಾಲಿ ಮಾಡಿ, ಇನ್ನೊಂದು ಹೊಸ ಚೀಲವನ್ನೂ ಒಗೆದ ಲುಂಗಿಯನ್ನೂ ಜತೆಗೆ ತರಬೇಕು. ಚರ್ಮದ ಮೇಲೋ ಬಟ್ಟೆಯ ಮೇಲೋ ಸೋರಿದ ಒಂದೆರಡು ಹನಿ ಮೂತ್ರವೂ ಚಿತ್ರದಲ್ಲಿ ಗಡ್ಡೆಯ ಹಾಗೆ ಕಾಣಬಲ್ಲದು. ಕರುಳಿನಿಂದ ಹೊಸ ಮೂತ್ರಕೋಶ ಕಟ್ಟಿಸಿಕೊಂಡವರು ಅದನ್ನು ಹೇಳದಿದ್ದರೆ ವರದಿ ಬರೆಯುವವರು ತಪ್ಪುದಾರಿ ಹಿಡಿಯುತ್ತಾರೆ.

ಸ್ಕ್ಯಾನ್ ಮುಗಿದ ಮೇಲೆ ಊಟ ಮಾಡಬಹುದು, ನೀರು ಚೆನ್ನಾಗಿ ಕುಡಿಯಬೇಕು. ಮೂತ್ರವನ್ನು ಕುಳಿತೇ ಮಾಡಿ, ಎರಡು ಸಲ ನೀರು ಹಾಕಿ, ಕೈ ಸೋಪಿನಿಂದ ತೊಳೆದುಕೊಳ್ಳಿ. ಸುಮಾರು ಹನ್ನೊಂದು ಗಂಟೆಗಳಲ್ಲಿ ವಿಕಿರಣ ನೂರರಲ್ಲಿ ಎರಡು ಪಾಲಿಗಿಂತ ಕಡಿಮೆಯಾಗುವುದರಿಂದ ಆ ದಿನದ ಮಟ್ಟಿಗೆ ಗರ್ಭಿಣಿಯರಿಂದ ಮತ್ತು ಎಳೆಯ ಮಕ್ಕಳಿಂದ ದೂರವಿದ್ದರೆ ಸಾಕು. ಮನೆಗೆ ಬಂದೊಡನೆ ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವುದು ಮರುದಿನಕ್ಕಿರಲಿ. ಜತೆಗೆ ಬರುವವರಲ್ಲಿ ಗರ್ಭಿಣಿಯರು ಇರಬಾರದು.

ಆರನೆಯದು: ವರದಿಯನ್ನು ಓದುವುದು

ವರದಿ ಇಂಗ್ಲಿಷಿನಲ್ಲಿರುತ್ತದೆ. ‘ಅವಿಡ್’ ಅಥವಾ ‘ಹೈಪರ್‌ಮೆಟಬಾಲಿಕ್’ ಎಂದರೆ ಔಷಧಿಯನ್ನು ಹೆಚ್ಚಾಗಿ ಎಳೆದುಕೊಂಡ ಜಾಗವೆಂದರ್ಥ, ಕ್ಯಾನ್ಸರ್ ಎಂದಲ್ಲ. ‘ಫಿಸಿಯಾಲಾಜಿಕ್’ ಎಂದರೆ ಸಹಜವಾದದ್ದು. ಮಿದುಳು, ಮೂತ್ರಪಿಂಡ, ಮೂತ್ರಕೋಶ ಎಲ್ಲರಲ್ಲಿಯೂ ಹೊಳೆಯುತ್ತವೆ, ಹೃದಯವೂ ಹಲವರಲ್ಲಿ ಹೊಳೆಯುತ್ತದೆ. ಮಿದುಳು ಸಹಜವಾಗಿಯೇ ಅಷ್ಟು ಹೊಳೆಯುವುದರಿಂದ ಅಲ್ಲಿಗೆ ಹರಡಿದ ಸಣ್ಣ ರೋಗ ಮರೆಯಾಗಬಹುದು. ತಲೆನೋವು, ತೊದಲು, ಕೈಕಾಲಿನ ಬಲಹೀನತೆ ಇದ್ದರೆ ಎಂಆರ್‌ಐ ಬೇರೆಯಾಗಿ ಬೇಕು. ‘ಇಂಡಿಟರ್ಮಿನೇಟ್’ ಎಂದು ಬರೆದಿದ್ದರೆ ಹೌದು ಎಂದೂ ಅಲ್ಲ ಎಂದೂ ಹೇಳಲಾಗುತ್ತಿಲ್ಲವೆಂದು ತಿಳಿಯಿರಿ.

ಪ್ರತಿ ಜಾಗದ ಪಕ್ಕದಲ್ಲಿ ಎಸ್‌ಯುವಿ ಎಂಬ ಒಂದು ಸಂಖ್ಯೆ ಇರುತ್ತದೆ, ಆ ಜಾಗ ಔಷಧಿಯನ್ನು ಎಷ್ಟು ಎಳೆದುಕೊಂಡಿದೆ ಎಂಬುದರ ಅಳತೆ ಅದು. 2.5ಕ್ಕಿಂತ ಹೆಚ್ಚಾದರೆ ಕ್ಯಾನ್ಸರ್ ಎಂಬ ಮಾತು ಕಾಯುವ ಕೋಣೆಗಳಲ್ಲಿ ಓಡಾಡುತ್ತಿರುತ್ತದೆ. ಅದನ್ನು ನಂಬಿ ರಾತ್ರಿಯಿಡೀ ನಿದ್ದೆಗೆಡಬೇಡಿ. ಅದೇ ಸಂಖ್ಯೆ ಸಕ್ಕರೆಯ ಮಟ್ಟ, ಕಾಯ್ದ ಹೊತ್ತು, ಯಂತ್ರ ಇವುಗಳಿಗೆ ತಕ್ಕಂತೆ ಏರಿಳಿಯುತ್ತದೆ. ಸೋಂಕು ಮತ್ತು ಉರಿಯೂತವೂ ಕ್ಯಾನ್ಸರಿನಷ್ಟೇ ಹೊಳೆಯಬಲ್ಲವು. ಹಳೆಯ ಅಥವಾ ಈಗಿನ ಟಿಬಿ ಎದೆಯ ಗ್ರಂಥಿಗಳನ್ನು ಬೆಳಗಿಸುತ್ತದೆ. ಮೂತ್ರಕೋಶದೊಳಗೆ ಬಿಸಿಜಿ ಔಷಧಿ ಹಾಕಿಸಿಕೊಂಡವರಲ್ಲಿ ಪ್ರಾಸ್ಟೇಟ್ ಗ್ರಂಥಿಯಲ್ಲಿ ಅದರ ಉರಿಯೂತವು ರೋಗದಂತೆ ಕಾಣುವುದುಂಟು. ಅಡಿಕೆ ಮರದಿಂದ ಬಿದ್ದು ಪಕ್ಕೆಲುಬು ಮುರಿದುಕೊಂಡಿದ್ದನ್ನು ಹೇಳದೆ ಬಿಟ್ಟರೆ ಅದೇ ಮೂಳೆಗೆ ಹರಡಿದ ಕ್ಯಾನ್ಸರಿನ ಸಂಶಯಕ್ಕೆ ಕಾರಣವಾದೀತು. ಪೆಂಬ್ರೋಲಿಜುಮ್ಯಾಬ್‌ನಂತಹ ಇಮ್ಯುನೋಥೆರಪಿ ಪಡೆಯುವವರಲ್ಲಿ, ರೋಗನಿರೋಧಕ ಕಣಗಳು ಗಡ್ಡೆಗೆ ಮುತ್ತಿಗೆ ಹಾಕಿದ್ದರಿಂದಲೇ ಗಡ್ಡೆ ಬೆಳೆದಂತೆ ಕಾಣುವ ಸಂದರ್ಭಗಳೂ ಇವೆ. ಇನ್ನೊಂದು ಕಡೆಯಿಂದ, ಸುಮಾರು 8 ಮಿಲಿಮೀಟರಿಗಿಂತ ಸಣ್ಣದಾದ ಶ್ವಾಸಕೋಶದ ಗಂಟು ಕ್ಯಾನ್ಸರೇ ಆಗಿದ್ದರೂ ಹೊಳೆಯದಿರಬಹುದು. ಅದನ್ನು ಸಿಟಿ ಭಾಗದಲ್ಲಿಯೇ ನೋಡಬೇಕು.

ಏಳನೆಯದು: ವರದಿಯ ಬಳಿಕ

ವರದಿಯಲ್ಲಿ ಹೊಸ ಜಾಗವೊಂದು ಹೊಳೆದಿದೆಯೆಂದರೆ, ಸಾಧ್ಯವಿರುವಾಗಲೆಲ್ಲ ಅಲ್ಲಿಂದ ಸೂಜಿ ಹಾಕಿ ತುಣುಕು ತೆಗೆದು ಬಯಾಪ್ಸಿ ಮಾಡಿಸುವುದೇ ಮುಂದಿನ ದಾರಿ. ಚಿಕಿತ್ಸೆಯ ದಿಕ್ಕೇ ಬದಲಾಗುವಂತಹ ತೀರ್ಮಾನವನ್ನು ಚಿತ್ರದ ಮೇಲಷ್ಟೇ ನಿಲ್ಲಿಸಬಾರದು. ಪೆಟ್-ಸಿಟಿಯ ಇನ್ನೊಂದು ಉಪಕಾರ ಇಲ್ಲಿದೆ. ಐದಾರು ಜಾಗ ಹೊಳೆದಿದ್ದರೆ ಯಾವುದಕ್ಕೆ ಸೂಜಿ ಹಾಕುವುದು ಸುಲಭ, ಯಾವುದು ಹೆಚ್ಚು ಚುರುಕಾಗಿದೆ ಎಂಬುದನ್ನು ಅದೇ ತೋರಿಸಿಕೊಡುತ್ತದೆ. ಬಯಾಪ್ಸಿಗೆ ಸಿಗದಷ್ಟು ಸಣ್ಣದಾಗಿದ್ದರೆ ಎರಡು ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣವೆಂದು ವೈದ್ಯರು ಹೇಳಬಹುದು. ಅಷ್ಟು ದಿನ ಕಾಯುವುದು ಮನೆಯವರಿಗೆ ಸುಲಭವಲ್ಲ, ಆದರೆ ಆ ಅಂತರದಲ್ಲಿ ಗಂಟು ಬೆಳೆಯಿತೇ, ಹಾಗೆಯೇ ಉಳಿಯಿತೇ, ಕುಗ್ಗಿತೇ ಎಂಬುದೇ ದೊಡ್ಡ ಸಾಕ್ಷಿಯಾಗುತ್ತದೆ. ಹಾಗೆ ಮತ್ತೆ ಮಾಡಿಸುವಾಗ ಸಾಧ್ಯವಾದರೆ ಅದೇ ಕೇಂದ್ರದಲ್ಲಿ, ಅದೇ ಯಂತ್ರದಲ್ಲಿ ಮಾಡಿಸಿ. ಬೇರೆಡೆಗೆ ಹೋಗಲೇಬೇಕಾದರೆ ಈ ಸಲದ ಸಿಡಿಯನ್ನು ಮರೆಯದೆ ಪಡೆದು, ಅದರ ಮೇಲೆ ತಾರೀಕು ಬರೆದು, ಮಳೆಗಾಲದಲ್ಲಿ ಬೂಸ್ಟು ಹಿಡಿಯದ ಜಾಗದಲ್ಲಿ ಇಟ್ಟುಕೊಳ್ಳಿ.